ಇಪ್ಪತ್ತೈದು ನಿಮಿಷ ಓಡುವ ಗಾಡಿ

ಶುಕ್ರವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ನಾಲ್ಕನೆಯದನ್ನು ಹಂಚಿಗೆ ಹಾಕಿ ನೀರು ಸವರುವ ಹೊತ್ತಿಗೆ ಫೋನು ಬಂತು. ಕೈತುಂಬ ಹಿಟ್ಟು. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಮತ್ತ ನಿಂತೈತಿ," ಎಂದರು ನನ್ನ ಗಂಡ ಬಸವಪ್ರಭು.

"ಎಲ್ಲೆ?"

"ಸೀಬ್ ಕಡೆ ಒಂದು ಸುತ್ತು ಹಾಕಿ ಖುರುಮ್ ಕಡೆ ಬರಾಕತ್ತಿದ್ದೆ. ಬರೋಬ್ಬರಿ ಇಪ್ಪತ್ತೈದು ನಿಮಿಷ ನೋಡ. ಗಡಿಯಾರ ನೋಡ್ಕೊಂಡ ನಿಂತಂಗ ನಿಂತೈತಿ. ನೀ ಸಣ್ಣ ಗಾಡಿ ತಗೊಂಡು ಬಾ, ಉಮಿಗೆ ಹಸಿವಿ ಆಗೇತಿ."

ಹಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಕರಕಾಗಿತ್ತು. ಒಲೆ ಆರಿಸಿ, ಆಗಿದ್ದ ಮೂರು ರೊಟ್ಟಿಯನ್ನು ಶೇಂಗಾ ಚಟ್ನಿ, ಮೊಸರಿನ ಜೊತೆ ಡಬ್ಬಿಗೆ ತುಂಬಿ, ಕೈ ತೊಳೆದು ಹೊರಟೆ. ಇಲ್ಲಿ ಒಮಾನಿನ ಅಜೈಬಾದ ನಮ್ಮ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷವೂ ನನಗೆ ಗಾಡಿಯ ಚಿಂತೆ ಇರಲಿಲ್ಲ. ಉಮಿ ಜೊತೆಯಲ್ಲಿದ್ದಾಳೆ, ರಸ್ತೆ ಬದಿಯಲ್ಲಿ ಕೂತು ಅವಳು ಏನು ಯೋಚಿಸುತ್ತಿರಬಹುದು ಎನ್ನುವುದೊಂದೇ ಚಿಂತೆ.

ಉಮಾಶ್ರೀ ನಮ್ಮ ಒಬ್ಬಳೇ ಮಗಳು. ಹತ್ತು ವರ್ಷ. ಪ್ರಶ್ನೆ ಹುಟ್ಟಿದ ಕೂಡಲೇ ಕೇಳುವ ಜಾತಿಯಲ್ಲ ಅವಳದು. ನಾಲ್ಕು ದಿನ ಅದನ್ನು ಒಳಗೇ ಇಟ್ಟುಕೊಂಡು ಓಡಾಡುತ್ತಾಳೆ. ಸ್ನಾನ ಮಾಡಿಸುವಾಗಲೋ ಜಡೆ ಹೆಣೆಯುವಾಗಲೋ ನನ್ನ ಮುಖವನ್ನು ನೋಡಿ ನೋಡಿ, ಇನ್ನೇನು ಮರೆತಳು ಎಂದುಕೊಂಡಾಗ ಕೇಳುತ್ತಾಳೆ. ಎರಡು ವಾರದಿಂದ ಅವಳು ಹಾಗೆ ನನ್ನ ಮುಖ ನೋಡುತ್ತಿದ್ದಳು.

ಆ ಗಾಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ೧೯೭೬ರ ಡಾಟ್ಸನ್, ಕೆನೆ ಬಣ್ಣದ್ದು. ನನ್ನ ಗಂಡ ಕೆಲಸ ಮಾಡುವ ನೀರಿನ ಸ್ಥಾವರದಲ್ಲಿ ಒಮಾನಿ ಹಿರಿಯರೊಬ್ಬರಿದ್ದರು. ಅವರು ನಿವೃತ್ತರಾಗಿ ಊರಿಗೆ ಹೋಗುವಾಗ, ನಿನ್ನ ಕೈಯಲ್ಲಿ ಚೆನ್ನಾಗಿರುತ್ತದೆ ಎಂದು ಇವರಿಗೆ ಬಿಟ್ಟುಕೊಟ್ಟರು. ಇವರು ವಾರವೆಲ್ಲ ಸ್ಥಾವರದ ಮೀಟರುಗಳನ್ನು ಪರೀಕ್ಷಿಸುವ ಎಂಜಿನಿಯರ್. ರಜೆಯ ದಿನ ಶುಕ್ರವಾರ ಬಂತೆಂದರೆ ಹಳೆಯ ಲುಂಗಿ ಉಟ್ಟು ಡಾಟ್ಸನ್ನಿನ ಕೆಳಗೆ ಮಲಗುತ್ತಾರೆ. ಕೈಗೆ ಮೀರಿದ ಕೆಲಸ ಬಂದರೆ ಘಾಲಾದಲ್ಲಿ ಗ್ಯಾರೇಜಿನ ಮುಸ್ತಫಾ ಇದ್ದರು. ಉಳ್ಳಾಲದ ಕಡೆಯ ಬ್ಯಾರಿ. ಹಳೆಯ ಗಾಡಿಗೆ ಕಿವಿ ಕೊಟ್ಟು ಕೇಳುವ ಮನುಷ್ಯ. ಅವರ ಮಗಳು ಫಿದಾ, ಉಮಿಯ ತರಗತಿ. ಶಾಲೆಯ ಬಸ್ಸಿನಲ್ಲಿ ಇಬ್ಬರದೂ ಒಂದೇ ಸೀಟು.

ಸೆಪ್ಟೆಂಬರಿನಲ್ಲಿ ಸರ್ವೀಸಿಗೆ ಬಿಟ್ಟಾಗ ಮುಸ್ತಫಾ ಪೆಟ್ರೋಲ್ ಪಂಪ್ ಬದಲಿಸಿದರು. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಎಂಜಿನ್ನಿಗೆ ಕೊಡುವ ಸಣ್ಣ ಪಂಪು ಅದು. ಗಾಡಿ ಚೆನ್ನಾಗಿ ಓಡಿತು. ಅಕ್ಟೋಬರಿನಲ್ಲಿ ಖಂಡೇ ಪೂಜೆ, ನಮ್ಮ ಕಡೆಯ ಆಯುಧ ಪೂಜೆ, ಆಯಿತು. ಅದಾದ ಮೇಲೆ ಗಾಡಿ ನಿಲ್ಲತೊಡಗಿತು. ಹತ್ತು ನಿಮಿಷದ ಓಡಾಟಕ್ಕೆ ಏನೂ ಇಲ್ಲ. ಇಪ್ಪತ್ತೈದು ನಿಮಿಷವಾದರೆ ಉಸಿರು ಕಟ್ಟಿದವರಂತೆ ಎರಡು ಸಲ ಜಗ್ಗಿ ಆರಿಹೋಗುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ತಾನೇ ಶುರುವಾಗುತ್ತಿತ್ತು. ಬೇಸಿಗೆಯಾಗಿದ್ದರೆ ಬಿಸಿಲಿಗೆ ಪೆಟ್ರೋಲ್ ಆವಿಯಾಗುತ್ತದೆ ಎನ್ನಬಹುದಿತ್ತು. ಈಗ ಬೆಳಿಗ್ಗೆ ಹೊದಿಕೆ ಎಳೆದುಕೊಳ್ಳುವ ದಿನಗಳು.

ಮುಸ್ತಫಾಗೆ ಇವರು ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ಸರ್, ಗಾಡಿ ತಕ್ಕೊಂಡು ಬನ್ನಿ. ಟ್ಯಾಂಕಿನ ಕಡೆಯಿಂದಲೇ ನೋಡುವ," ಎಂದರು ಅವರು.

"ಟ್ಯಾಂಕಿಗೆ ಏನಾಗೇತಿ? ನೀವು ಮುಟ್ಟಿದ್ದು ಪಂಪ್. ಹೊಸಾದು ಹಾಕೀರೋ, ಯಾರದೋ ಹಳೇದು ತೊಳದು ಹಾಕೀರೋ?"

ಮುಸ್ತಫಾ, "ನೀವು ತಕ್ಕೊಂಡು ಬನ್ನಿ ಸರ್, ಫೋನಲ್ಲಿ ಹೇಗೆ ಹೇಳುದು," ಎಂದರು. ಇವರು ಹೋಗಲಿಲ್ಲ. ಬೇರೆ ಕಡೆ ಫಿಲ್ಟರ್ ಬದಲಿಸಿದರು, ಕಾರ್ಬುರೇಟರ್ ತೊಳೆಸಿದರು, ರಬ್ಬರ್ ಪೈಪುಗಳನ್ನೂ ಹೊಸದು ಹಾಕಿಸಿದರು. ಗಾಡಿ ಮತ್ತೆ ಇಪ್ಪತ್ತೈದು ನಿಮಿಷಕ್ಕೇ ನಿಂತಿತು.

ನವೆಂಬರಿನಲ್ಲಿ ಹಳೆಯ ಗಾಡಿಗಳವರೆಲ್ಲ ಸೇರಿ ಒಂದು ಮೆರವಣಿಗೆ ಮಾಡಿದರು. ಇವರು ಮೂರು ವರ್ಷದಿಂದ ಕಾಯುತ್ತಿದ್ದ ದಿನ. ಉಮಿ ಹಿಂದಿನ ಸೀಟಿನಲ್ಲಿ ಸಣ್ಣ ಬಾವುಟ ಹಿಡಿದು ಕೂತಿದ್ದಳು, ನಾನು ಇಳಕಲ್ ಸೀರೆ ಉಟ್ಟಿದ್ದೆ. ಮೆಲ್ಲಗೆ, ಸಾಲಾಗಿ ಹೋಗುತ್ತಿದ್ದೆವು. ಜನ ಎರಡೂ ಕಡೆ ನಿಂತು ಫೋಟೋ ತೆಗೆಯುತ್ತಿದ್ದರು. ಸಾಲಿನ ನಟ್ಟನಡುವೆ ನಮ್ಮ ಗಾಡಿ ಆರಿಹೋಯಿತು. ಹಿಂದಿನವರು ಮೊದಲು ಕಾದರು, ಆಮೇಲೆ ಹಾರ್ನ್ ಹಾಕಿದರು. ನಾಲ್ವರು ಯುವಕರು ಬಂದು ನಗುತ್ತ, "ಯಲ್ಲಾ, ಯಲ್ಲಾ" ಎನ್ನುತ್ತ ಬದಿಗೆ ತಳ್ಳಿದರು. ನನ್ನ ಗಂಡನ ಕಿವಿ ಕೆಂಪಾಗಿತ್ತು.

ಆ ಸಂಜೆ ಮನೆಗೆ ಬಂದು, ಸೀರೆ ಸಹ ಬದಲಿಸದೆ, ನಾನು ಫೋನು ತೆಗೆದೆ. ಇಲ್ಲಿನ ಕನ್ನಡದ ಹೆಂಗಸರದು ಒಂದು ವಾಟ್ಸಾಪ್ ಗ್ರೂಪ್ ಇದೆ. ಇನ್ನೂರಕ್ಕೂ ಹೆಚ್ಚು ಜನ. ಎಲ್ಲಿ ಒಳ್ಳೆಯ ಜೋಳದ ಹಿಟ್ಟು ಸಿಗುತ್ತದೆ, ಯಾವ ಹಲ್ಲಿನ ಡಾಕ್ಟರು ನೋವಾಗದಂತೆ ಮಾಡುತ್ತಾರೆ, ಎಲ್ಲ ಅಲ್ಲೇ. ನಾನು ಬರೆದೆ: "ಘಾಲಾದ ಮುಸ್ತಫಾ ಗ್ಯಾರೇಜಿಗೆ ಯಾರೂ ಗಾಡಿ ಬಿಡಬೇಡಿ. ಒಳ್ಳೆಯ ಸಾಮಾನು ತೆಗೆದುಕೊಂಡು ಕೆಟ್ಟದ್ದನ್ನು ಹಾಕುತ್ತಾರೆ. ಅನುಭವದಿಂದ ಹೇಳುತ್ತಿದ್ದೇನೆ."

ಹತ್ತು ನಿಮಿಷದಲ್ಲಿ ಹದಿನೆಂಟು ಹೆಬ್ಬೆರಳು. "ಒಳ್ಳೇದಾಯ್ತು ಹೇಳಿದ್ದು ಅಕ್ಕ, ನಾಳೆ ನಮ್ಮವರು ಅಲ್ಲಿಗೇ ಹೊರಟಿದ್ದರು," ಎಂದು ಒಬ್ಬರು. "ಬೇರೆ ಗ್ರೂಪಿಗೂ ಕಳಿಸ್ತೀನಿ," ಎಂದು ಇನ್ನೊಬ್ಬರು. ನನಗೆ ಎದೆ ಹಗುರವಾದಂತಾಗಿ ಅನ್ನಕ್ಕೆ ಇಟ್ಟೆ.

ಮೂರನೆಯ ದಿನ ಉಮಿ ಶಾಲೆಯಿಂದ ಬಂದು ಚೀಲವನ್ನು ನೆಲಕ್ಕೆ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಫಿದಾ ಇವತ್ತ ನನ್ನ ಬಾಜೂಕ ಕೂಡ್ಲಿಲ್ಲ ಮಮ್ಮಿ."

"ಯಾಕಂತ?"

"ಅವರ ಪಪ್ಪ ಥೀಫ್ ಅಂತ ಯಾರೋ ಕನ್ನಡದಾಗ ಬರದಾರಂತ. ಮಮ್ಮಿಗೋಳ ಗ್ರೂಪಿನಾಗ. ಅಕಿಗೆ ಕನ್ನಡ ಓದಾಕ ಬರೂದಿಲ್ಲ. ಅವರ ಪಪ್ಪ ಓದಿ ಫೋನ್ ಇಟ್ಟಬಿಟ್ರಂತ. ಊಟ ಮಾಡ್ಲಿಲ್ಲಂತ."

ಅದನ್ನು ಯಾರೋ ದಾಟಿಸಿ, ಅವರಿಂದ ಇನ್ನಾರೋ ದಾಟಿಸಿ, ಕೊನೆಗೆ ಅವರಿಗೇ ಮುಟ್ಟಿತ್ತು. ಹಾಗೆ ದಾಟಿದ ಮೆಸೇಜಿನಲ್ಲಿ ಬರೆದವರ ಹೆಸರು ಉಳಿಯುವುದಿಲ್ಲ. ಕಳ್ಳ ಎಂಬ ಪದ ನಾನು ಬರೆದಿರಲಿಲ್ಲ. ಬರೆದದ್ದಕ್ಕೆ ಬೇರೆ ಅರ್ಥವೂ ಇರಲಿಲ್ಲ. ಉಮಿ ನನ್ನ ಮುಖ ನೋಡುತ್ತಿದ್ದಳು. ನಾನು ಫ್ರಿಜ್ ತೆಗೆದು ಕೊತ್ತಂಬರಿ ಹುಡುಕಿದೆ. ಕೊತ್ತಂಬರಿ ಮುಂದೆಯೇ ಇತ್ತು.

ಇದು ಈ ಶುಕ್ರವಾರದ ತನಕದ ಮಾತು.

ನಾನು ಅಲ್ಲಿಗೆ ಹೋದಾಗ ಡಾಟ್ಸನ್ನಿನ ಬಾನೆಟ್ ಎತ್ತಿತ್ತು. ಉಮಿ ಖರ್ಜೂರದ ಗಿಡದ ನೆರಳಲ್ಲಿ ಕಟ್ಟೆಯ ಮೇಲೆ ಕೂತಿದ್ದಳು. ಡಬ್ಬಿ ಕೊಟ್ಟೆ. ರೊಟ್ಟಿ ಸುತ್ತಿಕೊಂಡು ತಿನ್ನುತ್ತ ನಮ್ಮ ಹಿಂದೆಯೇ ಬಂದಳು.

"ಬಾ ಇಲ್ಲೆ, ನೋಡ," ಎಂದರು ಇವರು, ಸಣ್ಣ ಗಾಜಿನಂಥ ಫಿಲ್ಟರಿಗೆ ಬೆರಳು ತೋರಿಸಿ. "ಇದರಾಗ ಪೆಟ್ರೋಲ್ ತುಂಬಿರಬೇಕು. ಒಣಗೇತಿ. ಅಂದ್ರ ಪಂಪ್ ಎಳೆಯಾಕತ್ತಿಲ್ಲ. ಫಿಲ್ಟರ್ ಹೊಸಾದು, ಪೈಪ್ ಹೊಸಾದು. ಇನ್ನ ಉಳದದ್ದು ಅವ ಹಾಕಿದ ಪಂಪ್ ಒಂದೇ."

"ಪಪ್ಪಾ, ಪಂಪ್ ಎಳೀವಲ್ದೋ, ಟ್ಯಾಂಕ್ ಕೊಡವಲ್ದೋ?" ಎಂದಳು ಉಮಿ.

"ಟ್ಯಾಂಕ್ ಯಾಕ ಕೊಡೂದಿಲ್ಲವ್ವ? ಅದೇನು ನಿಮ್ಮ ಮಮ್ಮಿಯ ಬೆಲ್ಲದ ಡಬ್ಬೀನ?"

ಉಮಿ ನಗಲಿಲ್ಲ. "ಫಿದಾನ ಪಪ್ಪಗ ಫೋನ್ ಮಾಡಿ ಕೇಳ್ರಿ," ಎಂದಳು. ಇವರು ಕೇಳಿಸದವರಂತೆ ನಟ್ಟು ಬಿಗಿಸುವ ಪಾನಾ ಹುಡುಕಿದರು. ನಾನು ರಸ್ತೆಯ ಕಡೆ ನೋಡಿದೆ.

"ಉಜ್ವಲಾ, ಪೆಟ್ರೋಲರೆ ಐತೇನ ನೋಡ ಒಂದಿಷ್ಟು. ಮೀಟರಿನ ಮುಳ್ಳು ಖರೇ ಹೇಳೂದಿಲ್ಲ," ಎಂದರು.

ಗಾಡಿಯ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದೆ. ಬಿಗಿಯಾಗಿತ್ತು. ಸೆರಗು ಹಿಡಿದು ತಿರುಗಿಸಿದೆ. ಅರ್ಧ ಸುತ್ತು ತಿರುಗಿದ್ದೇ, ಉಸ್ ಎಂದು ಉದ್ದಕ್ಕೆ ಗಾಳಿ ಒಳಗೆ ಹೋಯಿತು. ಹೊರಗೆ ಬಂದದ್ದಲ್ಲ, ಒಳಗೆ ಹೋದದ್ದು. ಬಿಸಿ ಸಾರನ್ನು ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಿ, ಅದು ತಣ್ಣಗಾದ ಮೇಲೆ ಮುಚ್ಚಳ ಕಚ್ಚಿಕೊಂಡು, ಚಮಚದ ತುದಿಯಿಂದ ಎಬ್ಬಿಸಿದಾಗ ಬರುವ ಸದ್ದೇ ಇದು. ನನಗೆ ಹೊಸದಲ್ಲ. ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಒಳಗಿನದು ಹೊರಗೆ ಬರುವುದಿಲ್ಲ.

ಮುಚ್ಚಳವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಮೂರು ಗೀಟು ವಿಭೂತಿ, ನಡುವೆ ಕುಂಕುಮ. ನನ್ನ ಮೂರು ಬೆರಳಿನ ಗುರುತು.

ನಮ್ಮಪ್ಪ ಇಳಕಲ್ಲಿನ ಕಲ್ಲಿನ ಲಾರಿ ಓಡಿಸುತ್ತಿದ್ದ. ಖಂಡೇ ಪೂಜೆಯ ದಿನ ಗಾಲಿಗೆ, ಸ್ಟಿಯರಿಂಗಿಗೆ, ಬಾನೆಟ್ಟಿಗೆ ಹಚ್ಚುವ ಮೊದಲು ಡೀಸೆಲ್ ಟ್ಯಾಂಕಿನ ಬಾಯಿಗೆ ವಿಭೂತಿ ಹಚ್ಚುತ್ತಿದ್ದ. "ಉಣ್ಣೂ ಬಾಯಿಗೆ ಮೊದಲ," ಎನ್ನುತ್ತಿದ್ದ. ಡಾಟ್ಸನ್ ಬಂದಾಗಿನಿಂದ ನಾನೂ ಹಾಗೇ ಮಾಡುತ್ತಿದ್ದೆ. ಹೋದ ವರ್ಷ ಹಚ್ಚಿದ್ದು ಸ್ವಲ್ಪ ದಿನಕ್ಕೇ ಇಲ್ಲವಾಗಿತ್ತು. ಅದಕ್ಕೇ ಈ ಸಲ ವಿಭೂತಿಗೆ ಗಂಧ, ನಾಲ್ಕು ಹನಿ ಎಣ್ಣೆ ಹಾಕಿ ಗಟ್ಟಿಯಾಗಿ ಕಲಸಿ, ಒತ್ತಿ ಹಚ್ಚಿದ್ದೆ. ಪೂಜೆಯದನ್ನು ನಾವಾಗಿ ಒರೆಸಬಾರದು, ತಾನೇ ಹೋಗಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಇವರು ಗಾಡಿ ತೊಳೆಯುವಾಗಲೂ ಆ ಜಾಗ ಬಿಟ್ಟು ತೊಳೆಯುತ್ತಿದ್ದರು. ಇಲ್ಲಿ ಪೆಟ್ರೋಲ್ ಹಾಕುವವರೇ ಮುಚ್ಚಳ ತೆಗೆದು ಹಾಕಿ ಮುಚ್ಚುತ್ತಾರೆ. ನಾವು ಇಳಿಯುವುದೇ ಇಲ್ಲ. ಹಾಗಾಗಿ ಆ ಸದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಕುಂಕುಮದ ಕೆಳಗೆ ಉಗುರಿನಿಂದ ಕೆರೆದೆ. ಸಿಮೆಂಟಿನಂತೆ ಹಕ್ಕಳೆ ಎದ್ದಿತು. ಅದರಡಿ ಗಾಳಿ ಹೋಗಲೆಂದು ಬಿಟ್ಟ, ಸೂಜಿಯ ಮೊನೆಯಷ್ಟು ಒಂದು ತೂತು ಇತ್ತು. ತುಂಬಿಹೋಗಿತ್ತು.

ಆಗ ನಾನು ಕೂಗಿ ಹೇಳಬಹುದಿತ್ತು. ರೀ, ಇಲ್ಲಿ ನೋಡ್ರಿ, ನನ್ನಿಂದಲೇ ಆದದ್ದು, ಎನ್ನಬಹುದಿತ್ತು. ನಾನು ಮಾಡಿದ್ದು ಬೇರೆ. ಬಾನೆಟ್ಟಿನ ಕಡೆಗೆ ಒಮ್ಮೆ ನೋಡಿ, ಇವರಿಗೆ ನಾನು ಕಾಣುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಆ ತೂತನ್ನು ಚುಚ್ಚಿದೆ. ಬಾಯಿಟ್ಟು ಊದಿದೆ. ಪೆಟ್ರೋಲಿನ ವಾಸನೆ ಮೂಗಿಗೆ ಹತ್ತಿತು. ಉಳಿದ ವಿಭೂತಿಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಮುಚ್ಚಳ ತಿರುಗಿಸಿ ಹಾಕಿ ತಲೆ ಎತ್ತಿದರೆ ಉಮಿ ಎರಡು ಹೆಜ್ಜೆ ಆಚೆ ನಿಂತಿದ್ದಳು. ರೊಟ್ಟಿ ತಿನ್ನುವುದನ್ನು ನಿಲ್ಲಿಸಿದ್ದಳು. ನನ್ನ ಕೈಯಲ್ಲಿದ್ದ ಪಿನ್ನನ್ನು ನೋಡಿದಳು, ಸೆರಗಿನ ಬಿಳಿ ಕಲೆಯನ್ನು ನೋಡಿದಳು, ಆಮೇಲೆ ನನ್ನ ಮುಖ.

"ಪೆಟ್ರೋಲ್ ಐತಿ. ಈಗ ಶುರು ಮಾಡ್ರಿ," ಎಂದೆ ನಾನು, ಗಟ್ಟಿಯಾಗಿ.

ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಇವರು ಬಾನೆಟ್ ಇಳಿಸಿ ಕೈ ಒರೆಸಿಕೊಂಡರು. "ಕ್ಲಿಪ್ ಒಂದು ಸಡಲಾಗಿತ್ತು, ಬಿಗಿ ಮಾಡೇನಿ. ನೋಡೋಣ." ಅವರು ಡಾಟ್ಸನ್ನಿನಲ್ಲಿ ಮುಂದೆ, ನಾನು ಸಣ್ಣ ಗಾಡಿಯಲ್ಲಿ ಹಿಂದೆ. ಉಮಿ ಯಾವ ಗಾಡಿ ಹತ್ತುವುದೆಂದು ಒಂದು ಗಳಿಗೆ ನಿಂತು, ಅವರ ಗಾಡಿ ಹತ್ತಿದಳು. ಅವರು ಮನೆಗೆ ಬರದೆ ನೇರ ಮುಂದೆ ಹೋದರು. ಒಂದು ಗಂಟೆ ಸುತ್ತಿ ಬಂದರು. ಗಾಡಿ ಎಲ್ಲೂ ನಿಲ್ಲಲಿಲ್ಲ.

ಊಟಕ್ಕೆ ಕೂತಾಗ ಅವರಿಗೆ ಹೇಳಿದೆ. ಉಮಿ ಕೋಣೆಯಲ್ಲಿ ಇದ್ದಳು. ಅವರು ಮೊದಲು ನಂಬಲಿಲ್ಲ, ಎದ್ದು ಹೋಗಿ ಮುಚ್ಚಳ ನೋಡಿ ಬಂದರು. ಕೂತು ನಕ್ಕರು. ನಗು ನಿಂತ ಮೇಲೆ ಅನ್ನ ಕಲಸುತ್ತ ಹೇಳಿದರು:

"ನಾ ದಿನಾ ಮಾಡೂದು ಏನು? ಪ್ರೆಶರ್ ನೋಡೂದು, ವ್ಯಾಕ್ಯೂಮ್ ನೋಡೂದು. ನನ್ನ ಗಾಡಿ ಮುಚ್ಚಳದಾಗ ನಂಗ ಗೊತ್ತಾಗಲಿಲ್ಲ. ಇದನ್ನ ಯಾರ ಮುಂದೂ ಹೇಳಬ್ಯಾಡ. ವಿಭೂತಿ ಹಚ್ಚಿ ಗಾಡಿ ನಿಲ್ಲಿಸಿದ್ರು ಅಂತ ಆಫೀಸಿನಾಗ ನಗ್ತಾರ."

"ಮುಸ್ತಫಾ ಅವರಿಗೆ?"

"ಅವಗ ಏನ್ ಹೇಳ್ತಿ? ಗಾಡಿ ನೆಟ್ಟಗಾತು. ಖಲಾಸ್."

"ಗ್ರೂಪಿನಾಗ ನಾ ಬರದೇನಲ್ರಿ."

ಅವರು ಮಜ್ಜಿಗೆ ಹಾಕಿಕೊಂಡರು. "ಮಂದಿ ಮರೀತಾರ," ಎಂದರು. ಕೆಟ್ಟ ಮನುಷ್ಯರಲ್ಲ. ಮೆರವಣಿಗೆಯಲ್ಲಿ ಕೆಂಪಾದ ಕಿವಿ ಇನ್ನೂ ಆರಿರಲಿಲ್ಲ, ಅಷ್ಟೆ. ಆದರೆ ಅದರಿಂದ ನನಗೆ ಸಮಾಧಾನವೂ ಆಗಲಿಲ್ಲ. ಬರೆದದ್ದು ಅವರಲ್ಲ.

ಶನಿವಾರ ಬಟ್ಟೆ ಒಣಗಿಸಿ ಬಂದು ಗ್ರೂಪು ತೆಗೆದೆ. "ಮುಸ್ತಫಾ ಅವರ ಬಗ್ಗೆ ನಾನು ಬರೆದದ್ದು ತಪ್ಪು" ಎಂದು ಶುರು ಮಾಡಿದೆ. ಮುಂದೆ ಯಾಕೆ ತಪ್ಪು ಎಂದು ಬರೆಯಬೇಕಲ್ಲ. ವಿಭೂತಿ ಎಂದು ಬರೆದೆ, ಅಳಿಸಿದೆ. ತಿಳಿಯದೆ ಎಂದು ಬರೆದೆ, ಅದನ್ನೂ ಅಳಿಸಿದೆ. ಅಷ್ಟರಲ್ಲಿ ಅದೇ ಗ್ರೂಪಿನಲ್ಲಿ ಒಬ್ಬರು, "ಉಜ್ವಲಾ ಅಕ್ಕ, ನಿಮ್ಮ ಹಳೇ ಗಾಡಿ ಸರಿ ಹೋಯ್ತಾ? ಆ ಗ್ಯಾರೇಜಿನವನಿಗೆ ಸರಿಯಾಗಿ ಬುದ್ಧಿ ಕಲಿಸಿದಿರಿ," ಎಂದು ಹಾಕಿದರು. ನಾನು ಕೈಮುಗಿದ ಚಿತ್ರ ಒಂದನ್ನು ಕಳಿಸಿ ಫೋನು ಮಗುಚಿ ಇಟ್ಟೆ. ಆ ಚಿತ್ರಕ್ಕೂ ಐದಾರು ಹೆಬ್ಬೆರಳು ಬಂದವು.

ಸೋಮವಾರ ಉಮಿ ಬಸ್ಸಿಗೆ ಹೋಗುವುದಿಲ್ಲ ಎಂದಳು. ಹೊಟ್ಟೆನೋವು ಎಂದಳು. ಹೊಟ್ಟೆ ಮುಟ್ಟಿದರೆ ಮೆತ್ತಗಿತ್ತು. ಬಯ್ಯಲಿಲ್ಲ, ನಾನೇ ಬಿಟ್ಟು ಬಂದೆ. ಮಂಗಳವಾರವೂ, ಬುಧವಾರವೂ. ಗಾಡಿಯಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ತಿರುಗಿ ನನ್ನನ್ನು ನೋಡುತ್ತಿದ್ದಳು. ನಾನು, ನೀರು ಕುಡದಿ ಇಲ್ಲೋ, ಹೋಮ್‌ವರ್ಕ್ ಆತಿಲ್ಲೋ, ಎಂದು ಏನಾದರೂ ಕೇಳುತ್ತಿದ್ದೆ, ಅವಳು ಕೇಳಬಾರದೆಂದು.

ಗುರುವಾರ ಶಾಲೆಯಿಂದ ಕರೆದುಕೊಂಡವಳು ಮನೆಯ ಕಡೆ ತಿರುಗದೆ ಘಾಲಾ ಕಡೆ ತಿರುಗಿದೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಗ್ಯಾರೇಜಿನ ಬೋರ್ಡು ಕಂಡಾಗ ನೆಟ್ಟಗೆ ಕೂತಳು.

ಮೂರು ಗಾಡಿ ನಿಲ್ಲುವ ಜಾಗ. ಒಂದೇ ಗಾಡಿ ಇತ್ತು, ಅದರ ಗಾಲಿ ಬಿಚ್ಚಿಟ್ಟಿತ್ತು. ಎರಡು ಜಾಗ ಗುಡಿಸಿ ಸ್ವಚ್ಛವಾಗಿದ್ದವು. ಹಿಂದೆ ಬಂದಾಗಲೆಲ್ಲ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮುಸ್ತಫಾ ಕೈ ಒರೆಸಿಕೊಂಡು ಎದ್ದು ಬಂದರು. ಐವತ್ತರ ಹತ್ತಿರದವರು, ಗಡ್ಡ ಅರ್ಧ ಬೆಳ್ಳಗಾಗಿದೆ.

"ಬನ್ನಿ ಅಕ್ಕ. ಮಗಳೂ ಬಂದ್ಲಾ? ಕೂತ್ಕೊಳ್ಳಿ. ಸುಲೈಮಾನಿ ಚಾ ಮಾಡ್ಸುದಾ?"

"ಬ್ಯಾಡ್ರಿ, ಈಗ ಕುಡದು ಬಂದೀವಿ," ಎಂದೆ. ಕುಡಿದಿರಲಿಲ್ಲ. ಅವರು ಆದರೂ ಎರಡು ಗ್ಲಾಸು ತರಿಸಿದರು.

ನಾನು ಏನಾದರೂ ಹೇಳುವ ಮೊದಲೇ ಅವರು ಒಳಗೆ ಹೋಗಿ, ಕಪಾಟಿನ ಮೇಲಿನ ಹಲಗೆಯಿಂದ ಪೇಪರಿನಲ್ಲಿ ಸುತ್ತಿದ ಒಂದು ಸಾಮಾನು ತಂದು ನನ್ನ ಮುಂದೆ ಇಟ್ಟರು. ಪೇಪರಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿತ್ತು: ಬಸವಪ್ರಭು ಸರ್, ಡಾಟ್ಸನ್, ಹಳೆ ಪಂಪ್. ಕೆಳಗೆ ಸೆಪ್ಟೆಂಬರಿನ ತಾರೀಕು.

"ಇದು ನಿಮ್ಮದು. ನಾನು ಯಾರ ಹಳೆ ಸಾಮಾನೂ ಇಟ್ಕೊಳ್ಳುದಿಲ್ಲ ಅಕ್ಕ. ತೋರಿಸಿ ಕೊಡುದು. ಆ ದಿನ ಸರ್ ಅರ್ಜೆಂಟಲ್ಲಿ ಇದ್ರು, ತಕ್ಕೊಳ್ಲಿಲ್ಲ. ಒಳಗಿನ ರಬ್ಬರ್ ಹರ್ದಿದೆ, ನೋಡಿ ಬೇಕಾದ್ರೆ."

ಗ್ರೂಪಿನ ಮಾತು ತೆಗೆಯಲಿಲ್ಲ. ಆದರೆ ನಾನು ಕೇಳುವ ಮೊದಲೇ ತಂದಿಟ್ಟರಲ್ಲ. ಬರೆದವರು ಯಾರೆಂದು ಅವರಿಗೆ ಗೊತ್ತಿತ್ತು. ಅಂಥ ಗಾಡಿ, ಅಂಥ ಪಂಪು, ಎಷ್ಟು ಜನರ ಮನೆಯಲ್ಲಿದೆ?

"ಗಾಡಿ ಈಗ ಹೇಗುಂಟು?" ಎಂದರು.

"ಈಗ ನಿಂದರೂದಿಲ್ರಿ."

"ಎಂತ ಆಗಿತ್ತು?"

ಉಮಿ ಗ್ಲಾಸು ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯಿ ನೋಡುತ್ತಿದ್ದಳು.

"ಮುಚ್ಚಳದಾಗ ಕಸ ಸಿಕ್ಕಿತ್ತು," ಎಂದೆ ನಾನು.

ಕಸ. ನನ್ನ ಕೈಯಿಂದ ಕಲಸಿ, ಸ್ನಾನ ಮಾಡಿ, ನಮಸ್ಕಾರ ಮಾಡಿ ಹಚ್ಚಿದ ವಿಭೂತಿಯನ್ನು ಕಸ ಎಂದೆ. ಅದನ್ನು ಕಸ ಎನ್ನುವುದು, ನಾನು ಹಚ್ಚಿದೆ ಎನ್ನುವುದಕ್ಕಿಂತ ನನಗೆ ಹಗುರವಾಗಿ ಕಂಡಿತು.

ಮುಸ್ತಫಾ ತಲೆ ಆಡಿಸಿದರು. "ಧೂಳಿನ ಊರು, ಆಗ್ತದೆ," ಎಂದರು. ಗ್ಲಾಸನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ದನಿ ಸ್ವಲ್ಪ ತಗ್ಗಿಸಿದರು. "ಅಕ್ಕ, ತಪ್ಪು ತಿಳೀಬೇಡಿ. ಮುಂದಿನ ಸಲ ಪೂಜೆಯಲ್ಲಿ ಆ ತೂತಿನ ಮೇಲೆ ಮಾತ್ರ ಹಚ್ಚಬೇಡಿ. ಪಕ್ಕದಲ್ಲಿ ಹಚ್ಚಿ. ಜಾಗ ಬೇಕಾದಷ್ಟು ಉಂಟು."

ನಾನು ಗ್ಲಾಸು ಕೆಳಗಿಟ್ಟೆ. "ನಿಮಗ ಹೆಂಗ ಗೊತ್ತು?"

"ಹೋದ ವರ್ಷ ಪೂಜೆ ಕಳ್ದು ಸರ್ವೀಸಿಗೆ ಬಂದಿತ್ತಲ್ಲ. ಆಗ ನೋಡಿದ್ದೆ. ನಾನೇ ಒದ್ದೆ ಬಟ್ಟೆಯಲ್ಲಿ ತೆಗ್ದು, ತೂತು ಬಿಡಿಸಿ ಕೊಟ್ಟದ್ದು. ಹೇಳ್ಬೇಕು ಅಂತ ಇತ್ತು. ಪೂಜೆಯ ವಿಷಯ ಅಲ್ವಾ. ನಾನು ಅದನ್ನು ಒರೆಸಿದೆ ಅಂತ ಹೇಳಿದ್ರೆ ನಿಮ್ಗೆ ಬೇಜಾರಾದ್ರೆ ಅಂತ ಸುಮ್ಮನಾದೆ. ಈ ವರ್ಷ ಸರ್ವೀಸು ಪೂಜೆಗೆ ಮೊದಲೇ ಆಯ್ತು. ಸರ್ ಫೋನ್ ಮಾಡಿದಾಗಲೇ ಡೌಟ್ ಬಂತು. ತಕ್ಕೊಂಡು ಬಂದಿದ್ರೆ ಎರಡು ನಿಮಿಷದ ಕೆಲಸ."

ಹೋದ ವರ್ಷ ನಾನು ಹಚ್ಚಿದ್ದು ಗಾಳಿಗೆ ಉದುರಿದ್ದಲ್ಲ. ಒಬ್ಬ ಮನುಷ್ಯ ಒದ್ದೆ ಬಟ್ಟೆ ಹಿಡಿದು ಮೆಲ್ಲಗೆ ಒರೆಸಿ, ನಮಗೆ ನೋವಾದೀತೆಂದು ಬಾಯಿ ಮುಚ್ಚಿಕೊಂಡಿದ್ದ. ಅವನ ಬಗ್ಗೆ ನಾನು ಇನ್ನೂರು ಜನಕ್ಕೆ ಬರೆದೆ.

ಹೇಳಬೇಕಾದದ್ದು ನಾಲಿಗೆಯ ಮೇಲೇ ಇತ್ತು. ನಾನೇ ಬರೆದೆ, ತಪ್ಪಾಯಿತು, ಇವತ್ತೇ ಅದೇ ಗ್ರೂಪಿನಲ್ಲಿ ನನ್ನ ಹೆಸರು ಹಾಕಿ ತಿದ್ದುತ್ತೇನೆ. ಮೂರು ಮಾತು. ಬಾಯಿ ತೆಗೆದೆ. ಬಂದದ್ದು ಇಷ್ಟು:

"ಫಿದಾನ್ನ ಒಮ್ಮೆ ಮನೀಗೆ ಕಳಸ್ರಿ. ಉಮಿ ಭಾಳ ನೆನಸ್ತಾಳ."

ಅವರು ಉಮಿಯನ್ನು ನೋಡಿ ನಕ್ಕರು. ಅವಳನ್ನು ನೋಡಿ ನಕ್ಕದ್ದು ನಿಜವಾದ ನಗೆ. ಆಮೇಲೆ ನನ್ನ ಕಡೆ ತಿರುಗಿ, "ಅವಳಿಗೆ ಪರೀಕ್ಷೆ ಉಂಟಲ್ಲ ಅಕ್ಕ. ನೋಡುವ," ಎಂದರು.

ಉಮಿಗೂ ಅದೇ ಪರೀಕ್ಷೆ. ಅದು ಇನ್ನೂ ಒಂದು ತಿಂಗಳಿದೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸುಲೈಮಾನಿ ಪೂರ್ತಿ ಕುಡಿದೆ. ಅರ್ಧ ಬಿಟ್ಟು ಏಳುವಷ್ಟೂ ಧೈರ್ಯವಿರಲಿಲ್ಲ. ಎದ್ದಾಗ ಅವರು ಪೇಪರಿನ ಗಂಟನ್ನು ಉಮಿಯ ಕೈಗೆ ಕೊಟ್ಟರು. "ಪಪ್ಪನಿಗೆ ಕೊಡು. ಭಾರ ಉಂಟು, ಜಾಗ್ರತೆ," ಎಂದರು. ಅವಳು, "ಥ್ಯಾಂಕ್ಯೂ ಅಂಕಲ್," ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಗಾಡಿಯಲ್ಲಿ ಕೂತು ಕೀಲಿ ಹಾಕಿದೆ. ತಿರುಗಿಸಲಿಲ್ಲ. ಎದುರಿನ ಗಾಜಿನಲ್ಲಿ ಮುಸ್ತಫಾ ಮತ್ತೆ ಆ ಒಂದೇ ಗಾಡಿಯ ಗಾಲಿಯ ಮುಂದೆ ಕೂತದ್ದು ಕಾಣುತ್ತಿತ್ತು. ಇಳಿದು ಹೋದರೆ ಹತ್ತು ಹೆಜ್ಜೆ. ಇಳಿಯಬೇಕು ಎಂದುಕೊಂಡೆ. ಬೆಲ್ಟ್ ಹಾಕೊ ಪುಟ್ಟಿ, ಎಂದೆ.

ಉಮಿ ಬೆಲ್ಟ್ ಹಾಕಲಿಲ್ಲ. ಪಂಪಿನ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲಿನ ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಕನ್ನಡ ಓದುವುದನ್ನು ಅವಳಿಗೆ ಕಲಿಸಿದವಳು ನಾನೇ. ಬೇಸಿಗೆಯ ರಜೆಯಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಒಲೆ ನೋಡುತ್ತ ನೋಡುತ್ತ ಕಲಿಸಿದ್ದೆ. ಹಳೆ ಪಂಪ್, ಎಂದು ತುಟಿಯಲ್ಲೇ ಓದಿದಳು. ತಾರೀಕಿನ ಮೇಲೆ ಬೆರಳಿಟ್ಟಳು. ತಲೆ ಎತ್ತಿದಳು. ಕಿಟಕಿಯ ಕಡೆ ಅಲ್ಲ, ನನ್ನ ಕಡೆ. ಈ ಸಲ ನನಗೆ ಕೇಳಲು ನೀರಿನ ಮಾತೂ ಹೊಳೆಯಲಿಲ್ಲ, ಹೋಮ್‌ವರ್ಕಿನ ಮಾತೂ ಹೊಳೆಯಲಿಲ್ಲ.

"ಮಮ್ಮಿ," ಎಂದಳು, "ಫಿದಾನ ಪಪ್ಪನ ಬಗ್ಗೆ ಗ್ರೂಪಿನಾಗ ಬರದಾಕಿ ನೀನ ಏನು?"